ಭಾನುವಾರದ ಭೇಟಿ ನಂಬಬೇಡಿ, ಬೆನ್ನು ತಿರುಗಿಸಿ ನೋಡಿ

ಮೈಸೂರಿನ ರಿಂಗ್ ರೋಡ್ ಆಚೆಗಿನ ಒಂದು ಕೇರ್ ಹೋಮ್‌ನಲ್ಲಿ ನಮ್ಮವ್ವನನ್ನು ಐದು ತಿಂಗಳು ಬಿಟ್ಟಿದ್ದೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಸೇರುವವರೆಗೆ ಆ ಜಾಗದ ಹೆಸರು ಹಾಕಲ್ಲ.

ನಮ್ಮದು ಮಂಡ್ಯ. ಅವ್ವನಿಗೆ 74. ಹೋದ ವರ್ಷ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಯಿತು. ಶುಗರ್ ಬೇರೆ. ನಾನು ದಿನಾ ಮೈಸೂರಿಗೆ ಕೆಲಸಕ್ಕೆ ಹೋಗಿಬರುವವಳು. ಮನೆಗೆ ಇಟ್ಟುಕೊಂಡ ಆಯಾ ಮೂರನೇ ವಾರಕ್ಕೇ ಬಿಟ್ಟುಹೋದಳು. ಆಗ ಯಾರೋ ಈ ಜಾಗ ಹೇಳಿದರು. ಬೋರ್ಡಿನ ಮೇಲೆ ದೊಡ್ಡದಾಗಿ ನರ್ಸಿಂಗ್ ಕೇರ್ ಅಂತ ಇತ್ತು. ಮಲಗಿದ್ದವರಿಗೆ ಹುಣ್ಣಾಗದಂತೆ ಕರೆಂಟಿನಿಂದ ಗಾಳಿ ತುಂಬೋ ಹಾಸಿಗೆ, ಅಂದರೆ ಗಾಳಿ ಹಾಸಿಗೆ ತೋರಿಸಿದರು, ಆಕ್ಸಿಜನ್ ಸಿಲಿಂಡರ್ ತೋರಿಸಿದರು, 24 ಗಂಟೆ ನರ್ಸ್ ಇರ್ತಾರೆ ಅಂದರು. ಅಡ್ವಾನ್ಸ್ 50,000, ತಿಂಗಳಿಗೆ 24,000. ಡೈಪರ್, ಮಾತ್ರೆ ಬೇರೆ. "ಇನ್ಮೇಲೆ ಇವರು ನಮ್ಮ ತಾಯಿ ಮೇಡಂ, ನೀವು ನಿಶ್ಚಿಂತೆಯಾಗಿ ಡ್ಯೂಟಿಗೆ ಹೋಗಿ" ಅಂದರು ಮ್ಯಾನೇಜರ್. ಆ ಮಾತಿಗೆ ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂದಿತ್ತು.

ಭೇಟಿ ಭಾನುವಾರ ಮಾತ್ರ, 11ರಿಂದ 12. ಅದೂ ಮುಂದಿನ ಹಾಲಿನಲ್ಲಿ. ವಾರ್ಡಿಗೆ ಬಿಡಲ್ಲ, "ಇನ್ಫೆಕ್ಷನ್ ಆಗುತ್ತೆ ಮೇಡಂ". ಅವ್ವನಿಗೆ ತಲೆ ಬಾಚಿ, ಪೌಡರ್ ಹಾಕಿ, ಶಾಲು ಹೊದಿಸಿ ವೀಲ್‌ಚೇರಿನಲ್ಲಿ ಕರಕೊಂಡು ಬರುತ್ತಿದ್ದರು. ಒಬ್ಬ ಹುಡುಗಿ ಪಕ್ಕದಲ್ಲೇ ನಿಂತಿರುತ್ತಿದ್ದಳು. ಒಂದು ನಿಮಿಷವೂ ಆಚೆ ಹೋಗುತ್ತಿರಲಿಲ್ಲ. ನನಗೆ ಅದು ಕಾಳಜಿ ಅನಿಸಿತ್ತು.

ಮೂರನೇ ತಿಂಗಳಲ್ಲಿ ಅವ್ವ ಒಂದು ಸಲ ಹೇಳಿದಳು, "ಬೆನ್ನು ಉರೀತದೆ ಕಣವ್ವಾ" ಅಂತ. ನಾನು ಏನಂದೆ ಗೊತ್ತಾ? "ಮಲಗಿದ್ದಲ್ಲೇ ಮಲಗಿದ್ರೆ ಉರಿಯದೆ ಇರ್ತದಾ, ಸುಮ್ನೆ ಇರವ್ವ" ಅಂದೆ. ಆಮೇಲೆ ಅವಳು ಹೇಳಲೇ ಇಲ್ಲ. ಬರಬರುತ್ತಾ ಮಾತೇ ಕಮ್ಮಿ ಆಯಿತು. ಕೇಳಿದರೆ "ವಯಸ್ಸಾಯ್ತಲ್ಲ ಮೇಡಂ" ಅನ್ನೋರು.

ಒಂದು ಬುಧವಾರ ಆಫೀಸು ಬೇಗ ಬಿಟ್ಟಿತು. ನಾಲ್ಕು ಗಂಟೆಗೆ ಹೇಳದೆ ಕೇಳದೆ ಹೋದೆ. ಮುಂದೆ ಯಾರೂ ಇರಲಿಲ್ಲ, ಸೀದಾ ವಾರ್ಡಿಗೆ ಹೋದೆ. ಬಾಗಿಲಲ್ಲೇ ವಾಸನೆ. ಉಚ್ಚೆ ವಾಸನೆ ಅಲ್ಲ, ಕೊಳೆತ ವಾಸನೆ. ಅವ್ವನ ಎಡಗೈಯನ್ನು ಹಳೇ ವೇಲಿನಿಂದ ಮಂಚದ ಕಂಬಿಗೆ ಕಟ್ಟಿದ್ದರು. ಎಡಗೈ! ಅವಳಿಗೆ ಆಡೋದೇ ಆ ಒಂದು ಕೈ. ಮಣಿಕಟ್ಟಿನಲ್ಲಿ ಬಳೆ ಇರೋ ಜಾಗದಲ್ಲಿ ಕಪ್ಪಗೆ ಗೆರೆ ಬಿದ್ದಿತ್ತು. ಡೈಪರ್ ಕಿತ್ತು ಹಾಕ್ತಾರೆ, ಅದಕ್ಕೇ ಕಟ್ಟಿದ್ದು ಅಂದರು ಆಮೇಲೆ. ಹುಣ್ಣಿನ ಮೇಲೆ ಒದ್ದೆ ಡೈಪರ್ ಇದ್ದರೆ ಯಾರಾದರೂ ಕೀಳದೆ ಇರ್ತಾರಾ?

ಮಂಚದ ಕಾಲಿಗೆ ಒಂದು ಚಾರ್ಟ್ ತೂಗುಹಾಕಿದ್ದರು. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಿಸಿದ್ದಕ್ಕೆ ಸಹಿ. ಬೆಳಗ್ಗೆ 6, 8, 10, ಎಲ್ಲಕ್ಕೂ ಸಹಿ ಇತ್ತು. ಕೆಳಗೆ ನೋಡಿದೆ. ಸಂಜೆ 6ಕ್ಕೂ ಸಹಿ. ರಾತ್ರಿ 8ಕ್ಕೂ ಸಹಿ. 10ಕ್ಕೂ ಸಹಿ. ನನ್ನ ಫೋನಿನಲ್ಲಿ ಆಗ 4 ಗಂಟೆ 10 ನಿಮಿಷ. ಅವತ್ತಿನದೇ ತಾರೀಖು. ಒಂದೇ ಪೆನ್ನು, ಒಂದೇ ಕೈ, ಇಡೀ ದಿನದ್ದು ಒಂದೇ ಉಸಿರಿನಲ್ಲಿ ಬರೆದಿಟ್ಟಿದ್ದರು. ಐದು ತಿಂಗಳು ನಾನು ದುಡ್ಡು ಕಟ್ಟಿದ್ದು ಈ ಸಹಿಗೆ. ಇದೇ ಚಾರ್ಟಿನ ಫೋಟೋವನ್ನು ಪ್ರತಿ ವಾರ ನನಗೆ ವಾಟ್ಸಾಪ್ ಮಾಡುತ್ತಿದ್ದರು, ನಾನು ಕೈಮುಗಿಯೋ ಚಿತ್ರ ಕಳಿಸುತ್ತಿದ್ದೆ.

ಗಾಳಿ ಹಾಸಿಗೆಯ ಪ್ಲಗ್ ನೆಲದ ಮೇಲೆ ಬಿದ್ದಿತ್ತು.

ನಾನೇ ಅವ್ವನನ್ನು ಮಗ್ಗುಲು ತಿರುಗಿಸಿದೆ. ಸೊಂಟದ ಕೆಳಗೆ, ಬಾಲದ ಮೂಳೆ ಹತ್ತಿರ ನನ್ನ ಅಂಗೈ ಅಗಲದ ಹುಣ್ಣು. ನಡುವೆ ಕಪ್ಪಗಿತ್ತು. ಹಿಮ್ಮಡಿಯಲ್ಲೂ ಒಂದು.

ಮ್ಯಾನೇಜರ್ ಓಡಿ ಬಂದರು. ಮೊದಲ ಮಾತು ಏನು ಅಂದರೆ, "ವಿಸಿಟಿಂಗ್ ಅವರ್ಸ್ ಅಲ್ವಲ್ಲ ಮೇಡಂ". ಚಾರ್ಟ್ ತೋರಿಸಿದೆ. "ಸಿಸ್ಟರ್ ಬ್ಯುಸಿ ಇರ್ತಾರೆ, ಮೊದಲೇ ಬರೆದಿಡ್ತಾರೆ ಅಷ್ಟೆ". ಹುಣ್ಣು ತೋರಿಸಿದೆ. "ಶುಗರ್ ಇರೋರಿಗೆ ಇದು ಕಾಮನ್". ನನಗೆ ಯಾಕೆ ಹೇಳಲಿಲ್ಲ ಅಂದೆ. "ನೀವು ಗಾಬರಿ ಆಗ್ತೀರ ಅಂತ". ನನ್ನ ದನಿ ಜೋರಾಯಿತು. ಆಗ ಅಂದರು, "ಮನೇಲಿ ನೋಡ್ಕೊಳ್ಳೋಕೆ ಆಗ್ದೆ ತಾನೇ ಇಲ್ಲಿ ಬಿಟ್ಟಿದ್ದು?" ಅವ್ವನ ಎದುರಿಗೇ ಅಂದರು. ನನಗೆ ಬಾಯೇ ಬರಲಿಲ್ಲ.

ಅವತ್ತೇ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರ್ ನೋಡಿ ಬೆಡ್ ಸೋರ್, ನಾಲ್ಕನೇ ಹಂತ, ಮೂಳೆವರೆಗೂ ಹೋಗಿದೆ ಅಂದರು. ಸತ್ತ ಮಾಂಸ ಕತ್ತರಿಸಿ ತೆಗೆದರು. ಶುಗರ್ ಇದ್ದರೆ ಹುಣ್ಣು ಬೇಗ ಮಾಯಲ್ಲ ನಿಜ, ಆದರೆ ಒಂದೇ ಜಾಗದ ಮೇಲೆ ಭಾರ ಬಿದ್ದು ರಕ್ತ ಓಡದೆ ಇದ್ದದ್ದೇ ಇದಕ್ಕೆ ಕಾರಣ, ಮಗ್ಗುಲು ಬದಲಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ ಅಂದರು.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ನೋಂದಣಿ ಎಲ್ಲಿದೆ ಅಂತ ಆ ಕೇರ್ ಹೋಮ್‌ನವರನ್ನು ಕೇಳಿದ್ದಕ್ಕೆ "ನಮ್ಮದು ಆಶ್ರಮ ಮೇಡಂ, ಆಸ್ಪತ್ರೆ ಅಲ್ಲ" ಅಂದರು. ದುಡ್ಡು ಕೇಳುವಾಗ ನರ್ಸಿಂಗ್, ಲೈಸೆನ್ಸ್ ಕೇಳಿದರೆ ಆಶ್ರಮ! ಅಡ್ವಾನ್ಸ್ ವಾಪಸ್ ಕೇಳಿದರೆ ಒಂದು ತಿಂಗಳು ಮುಂಚೆ ನೋಟಿಸ್ ಕೊಟ್ಟಿಲ್ಲ ಅಂತಾರೆ. ನಾನು ಸಹಿ ಹಾಕಿದ ಇಂಗ್ಲಿಷ್ ಕಾಗದದಲ್ಲಿ ಹುಣ್ಣಿಗೆ ನಾವು ಜವಾಬ್ದಾರರಲ್ಲ ಅಂತಲೂ ಒಂದು ಸಾಲು ಇತ್ತು. ಓದದೆ ಸಹಿ ಹಾಕಿದ್ದೆ.

ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದೆ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತಾರೆ, ದುಡ್ಡು ಬೀಳಲ್ಲ. ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಬರೆದುಕೊಟ್ಟೆ. 2007ರ ಹಿರಿಯ ನಾಗರಿಕರ ಕಾಯ್ದೆ ತೆಗೆದು ಓದಿದೆ. ಅದರಲ್ಲಿ ಜಾಸ್ತಿ ಇರೋದು ಮಕ್ಕಳು ಕೊಡಬೇಕಾದ ಜೀವನಾಂಶದ ವಿಷಯ. ವಯಸ್ಸಾದವರನ್ನು ನೋಡಿಕೊಳ್ಳೋ ಹೊಣೆ ಹೊತ್ತವರು ಪೂರ್ತಿ ಕೈಬಿಟ್ಟು ಹೋದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮಂಚಕ್ಕೆ ಕಟ್ಟಿಹಾಕಿ ಕೈಬಿಟ್ಟವರ ಲೆಕ್ಕ ಅದರೊಳಗೆ ಹೇಗೆ ಬರುತ್ತೆ ಅಂತ ವಕೀಲರ ಹತ್ತಿರ ಕೇಳಿಸುತ್ತಿದ್ದೇನೆ. ಅಡ್ವಾನ್ಸ್ ವಿಷಯಕ್ಕೆ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇನೆ.

ನಿಮ್ಮವರು ಯಾರಾದರೂ ಇಂಥ ಕಡೆ ಇದ್ದರೆ ಭಾನುವಾರ ಕಾಯಬೇಡಿ. ವಾರದ ಮಧ್ಯೆ, ಹೇಳದೆ ಹೋಗಿ. ಹಾಲಿನಲ್ಲಿ ಕೂತು ಮಾತಾಡಿ ಬರಬೇಡಿ, ಮಂಚದ ಹತ್ತಿರ ಹೋಗಿ ಶಾಲು ತೆಗೆದು ಬೆನ್ನು, ಹಿಮ್ಮಡಿ, ಮಣಿಕಟ್ಟು ನೋಡಿ. ಬಿಡಲ್ಲ ಅಂದರೆ ಅವತ್ತೇ ಮನೆಗೆ ಕರಕೊಂಡು ಬನ್ನಿ. ಉರೀತದೆ ಅಂದರೆ ನಂಬಿ. ನಾನು ನಂಬಲಿಲ್ಲ.

ಅವ್ವ ಈಗ ಮನೆಯಲ್ಲಿದ್ದಾಳೆ. ಕೆಲಸಕ್ಕೆ ರಜೆ ಹಾಕಿದ್ದೇನೆ, ರಾತ್ರಿ ಎರಡು ಗಂಟೆಗೊಂದು ಸಲ ಅಲಾರಂ ಇಟ್ಟು ಮಗ್ಗುಲು ಬದಲಿಸುತ್ತೇವೆ. ನಿನ್ನೆ ಆ ಮ್ಯಾನೇಜರ್ ಕಡೆಯಿಂದ ಮತ್ತೆ ಮೆಸೇಜ್ ಬಂತು, ಡೈಪರ್ ಬಾಕಿ 2,340 ರೂಪಾಯಿ ಕಟ್ಟಬೇಕಂತೆ. ಯಾವ ದಿನ ಎಷ್ಟು ಬದಲಿಸಿದ್ದೀರಿ, ಲೆಕ್ಕ ಕಳಿಸಿ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.