ಅಪ್‌ಗ್ರೇಡ್ ಒತ್ತೂಕಿಂತ ಮುಂಚೆ ಇದನ್ನೊಂದ್ ಓದ್ರಿ, ನನ್ನ ವೈಫೈ ಹೋದ ಕಥಿ

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತಲ್ರಿ, ಅವತ್ತಿಂದ ನನ್ನ ಹಳೇ ಲ್ಯಾಪ್‌ಟಾಪ್ ದಿನಾ ವಿಂಡೋಸ್ 11 ಹಾಕ್ಕೋ ಅಂತ ಗಂಟುಬಿದ್ದಿತ್ತು. ನಂದು ಧಾರವಾಡದಾಗ ಸಣ್ಣ ಅಂಗಡಿಗಳ ಲೆಕ್ಕ ಬರೆಯೋದು, ಜಿಎಸ್‌ಟಿ ತುಂಬೋದು. 20ಕ್ಕ ರಿಟರ್ನ್ ಕೊನೇ ದಿನ ಅಂತ ಗೊತ್ತಿದ್ದೂ 18ರ ರಾತ್ರಿ ಉಣ್ಣಾಕ ಹೋಗೂಮುಂದ ಆ ಬಟನ್ ಒತ್ತಿ ಹೋದೆ. ಎಂಥಾ ಬುದ್ಧಿ ನೋಡ್ರಿ ನಂದು.

ಮುಂಜಾನೆ ನೋಡಿದ್ರ ಎಲ್ಲಾ ಚಂದ ಐತಿ, ವೈಫೈ ಮಾತ್ರ ಇಲ್ಲ. ಕನೆಕ್ಟ್ ಆಗವಲ್ದು ಅಂತಲ್ಲ, ವೈಫೈ ಅನ್ನೋ ಬಟನ್ನೇ ಮಾಯ. ಮೊಬೈಲಿಗೆ ಬರಾಕತ್ತೈತಿ, ಟಿವಿಗೆ ಬರಾಕತ್ತೈತಿ, ಇದಕ್ಕ ಮಾತ್ರ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿದೆ, ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡೇ ಕಣ್ಣು ಮುಚ್ಚಿದ ಮ್ಯಾಲ ಅದರ ಹೆಂಗ ಕಾಣಬೇಕು. ತೆಳ್ಳನ್ನ ಲ್ಯಾಪ್‌ಟಾಪ್, ಲ್ಯಾನ್ ವೈರ್ ಹಾಕಾಕೂ ಜಾಗಾ ಇಲ್ಲ. ಸಿಟ್ಟಿಗೆ ನೆಟ್‌ವರ್ಕ್ ರಿಸೆಟ್ ಮಾಡಿದೆ, ಗಿರಾಕಿಗಳ ಅಂಗಡಿ ವೈಫೈ ಪಾಸ್‌ವರ್ಡ್ ಎಲ್ಲಾ ಅಳಿಸಿ ಹೋದ್ವು, ಬಂದದ್ದು ಏನೂ ಇಲ್ಲ. ಇನ್ನೊಂದ್ ದೊಡ್ಡ ತಪ್ಪಂದ್ರ, ಸಿ ಡ್ರೈವ್ ತುಂಬೈತಿ ಅಂತ ಹಳೇ ವಿಂಡೋಸ್ ಫೈಲ್ ಎಲ್ಲಾ ಕ್ಲೀನ್ ಮಾಡಿಬಿಟ್ಟೆ. ಅವು ಇದ್ರ 10 ದಿನದೊಳಗ ಸೆಟ್ಟಿಂಗ್ಸ್‌ದಾಗ ರಿಕವರಿಗೆ ಹೋಗಿ ವಾಪಸ್ ವಿಂಡೋಸ್ 10ಕ್ಕ ಬರಬಹುದಿತ್ತಂತ.

ಹುಬ್ಬಳ್ಳಿಗೆ ಒಂದ್ ರಿಪೇರಿ ಅಂಗಡಿಗೆ ಒಯ್ದೆ. ತೆಗೆದೂ ನೋಡಲಿಲ್ಲ, "ವೈಫೈ ಕಾರ್ಡ್ ಸುಟ್ಟೈತ್ರಿ ಸರ, 1,800 ಆಗ್ತೈತಿ, ಬಿಟ್ಟು ಹೋಗ್ರಿ" ಅಂದ. ರಾತ್ರಿತನಕ ಛಲೋ ಓಡಿದ ಕಾರ್ಡ್ ಅಪ್‌ಗ್ರೇಡ್ ಆದ ಕೂಡ್ಲೆ ಹೆಂಗ ಸುಡ್ತು ಅಂತ ಕೇಳಬೇಕಿತ್ತು, ಕೇಳಲಿಲ್ಲ, ಬಿಟ್ಟು ಬಂದೆ. ಲೆಕ್ಕ ಎಲ್ಲಾ ಅದರಾಗ. 22ಕ್ಕ ಹೋದ್ರ "ಕಾರ್ಡ್ ಇನ್ನೂ ಬಂದಿಲ್ರಿ" ಅಂದ, ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ.

ಅಕ್ಕನ ಮಗ ಮನಿಗೆ ಬಂದಿದ್ದ. ಲ್ಯಾಪ್‌ಟಾಪಿನ ಭಾಗಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರ್ ತೆಗೆದು, ವೈಫೈ ಕಾರ್ಡಿನ ಮ್ಯಾಲಿದ್ದ ಹಳದಿ ಗುರ್ತು ತೋರಿಸಿ, "ಕಾರ್ಡಿಗೆ ಏನೂ ಆಗಿಲ್ಲ ಮಾಮಾ, ಅದನ್ನ ನಡೆಸೋ ಸಾಫ್ಟ್‌ವೇರ್, ಅಂದ್ರ ಡ್ರೈವರ್, ಹಳೇದೈತಿ, 11ಕ್ಕ ಹೊಂದವಲ್ದು" ಅಂದ. ಚಾರ್ಜಿಂಗ್ ವೈರಿನಿಂದ ಮೊಬೈಲ್ ಜೋಡಿಸಿ ಯುಎಸ್‌ಬಿ ಟೆದರಿಂಗ್ (ವೈರ್ ಮೂಲಕ ಮೊಬೈಲ್ ನೆಟ್ ಕೊಡೋದು) ಆನ್ ಮಾಡಿದ, ನೆಟ್ ಬಂತು! ನಾಕ್ ದಿನ ಕಿಸೇದಾಗ ಇದ್ದ ಔಷಧ. ಲ್ಯಾಪ್‌ಟಾಪ್ ತಳಕ್ಕಿದ್ದ ಮಾಡೆಲ್ ನಂಬರ್ ನೋಡಿ, ಕಂಪನಿ ಸೈಟಿನಿಂದ ವಿಂಡೋಸ್ 11ರ ಡ್ರೈವರ್ ಇಳಿಸಿ, ಹಳೇದನ್ನ ಅನ್‌ಇನ್‌ಸ್ಟಾಲ್ ಮಾಡಿ (ಡ್ರೈವರ್ ಸಮೇತ ಅಳಿಸು ಅನ್ನೋ ಟಿಕ್ ಹಾಕಬೇಕಂತ) ಹೊಸದು ಹಾಕಿ ರೀಸ್ಟಾರ್ಟ್ ಹೊಡೆದ. ನಮ್ಮಾಕಿ ಚಾ ತರೂದ್ರೊಳಗ ವೈಫೈ ಬಂದಿತ್ತು.

ಮರುದಿನ ಮತ್ತೊಂದು, ಲ್ಯಾಪ್‌ಟಾಪ್ ಮುಚ್ಚಿ ತೆಗೆದ್ರ ವೈಫೈ ಹೋಗಾಕತ್ತಿತ್ತು. ಡಿವೈಸ್ ಮ್ಯಾನೇಜರ್‌ದಾಗ ಅದ ಕಾರ್ಡಿನ ಪ್ರಾಪರ್ಟೀಸ್‌ದಾಗ ಪವರ್ ಮ್ಯಾನೇಜ್‌ಮೆಂಟ್ ಅಂತ ಐತಿ, ಕರೆಂಟ್ ಉಳಿಸಾಕ ಕಾರ್ಡ್ ಬಂದ್ ಮಾಡೋ ಟಿಕ್ ತೆಗೆದ ಮ್ಯಾಲ ಸುಮ್ಮನಾತು.

ಮೂರು ಗಿರಾಕಿಗಳ ರಿಟರ್ನ್ ಎರಡ ದಿನ ತಡ, ದಿನಕ್ಕ 50ರಂಗ 300 ರೂಪಾಯಿ ಲೇಟ್ ಫೀ ನನ್ನ ಕಿಸೇದಿಂದ. ಅದಕ್ಕ ಹೇಳಾಕತ್ತೇನಿ, ನೆಟ್ ಇರೂವಾಗನ ವೈಫೈ ಡ್ರೈವರ್ ಇಳಿಸಿ ಪೆನ್‌ಡ್ರೈವಿಗೆ ಹಾಕಿ ಇಟ್ಕೊರ್ರಿ, ಆಮ್ಯಾಲ ಅಪ್‌ಗ್ರೇಡ್ ಒತ್ರಿ, ಅದೂ ಕೊನೇ ದಿನದ ಹೊಸ್ತಿಲಿಗೆ ಬ್ಯಾಡ್ರಿ. ನಿನ್ನೆ ಆ ಅಂಗಡಿಯಾಂವ ಫೋನ್ ಮಾಡಿದ್ದ, ಕಾರ್ಡ್ ಬಂದೈತಂತ.