ಮುಂಬೈ, ಬೆಂಗಳೂರು, ಹೈದರಾಬಾದ್: ಮೊದಲ ಫುಲ್ ಎಲ್ಲಿ ಓಡಬೇಕು?

ಹಾಫ್ ಮ್ಯಾರಥಾನ್ ಮುಗಿಸಿ 42.195 ಕಿಲೋಮೀಟರಿನ ಫುಲ್ ಮ್ಯಾರಥಾನಿನ ಕಡೆಗೆ ಕಣ್ಣು ಹಾಯಿಸುತ್ತಿರುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮೂರೂ ಊರುಗಳಲ್ಲಿ ಫುಲ್ ಓಡಿದ್ದೇನೆ. ನನ್ನ ಉತ್ತರ ಮುಂಬೈ. ಹವೆ ನೋಡಿದರೆ ಬೆಂಗಳೂರು ಎನ್ನಬೇಕು. ಖರ್ಚು ಲೆಕ್ಕ ಹಾಕಿದರೂ, ಕರ್ನಾಟಕದಲ್ಲಿರುವವರಿಗೆ ಬೆಂಗಳೂರೇ. ಕಾಲು ಗಟ್ಟಿಯಾಗಬೇಕು ಎಂದರೆ ಹೈದರಾಬಾದಿಗೆ ಹೋಗಬೇಕು. ಆದರೆ ಮೊದಲ ಫುಲ್ ತೀರ್ಮಾನವಾಗುವುದು 30ನೇ ಕಿಲೋಮೀಟರಿನ ಆಚೆಗೆ. ಆ ಕೊನೆಯ 12 ಕಿಲೋಮೀಟರುಗಳಲ್ಲಿ ಮುಂಬೈ ಕೊಡುವುದನ್ನು ಉಳಿದೆರಡು ಊರುಗಳಲ್ಲಿ ನಾನು ಕಂಡಿಲ್ಲ.

ಮೊದಲು ಹವೆಯ ಮಾತು. ಬೆಂಗಳೂರು ಮ್ಯಾರಥಾನ್ ಬರುವುದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಹೊತ್ತಿಗೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರು. ಬೆಳಗಿನ ಜಾವ ಮೈಗೆ ಹಿತವಾದ ತಂಪು, ರಾತ್ರಿ ಮಳೆ ಬಂದಿದ್ದರೆ ರಸ್ತೆಯಲ್ಲಿ ಧೂಳೂ ಇಲ್ಲ. ಇಲ್ಲಿ ಬೆವರು ಆರುತ್ತದೆ. ದೂರ ಓಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ, ಏಕೆಂದರೆ ಬೆವರು ಸುರಿದರೆ ಮೈ ತಣಿಯುವುದಿಲ್ಲ, ಆರಿದರೆ ತಣಿಯುತ್ತದೆ. ಮುಂಬೈಯಲ್ಲಿ ಜನವರಿಯಲ್ಲೂ ಕಡಲ ಗಾಳಿ ತೇವ ಹೊತ್ತಿರುತ್ತದೆ. ಬೆವರು ಆರದೆ ಇಳಿದು ಶೂ ಸೇರುತ್ತದೆ. ಅದೇ ವೇಗಕ್ಕೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದವರು ಸಮುದ್ರಮಟ್ಟಕ್ಕೆ ಇಳಿದರೆ ಹಾರಿಕೊಂಡು ಓಡಬಹುದು ಎಂಬ ಮಾತು ಓಟಗಾರರ ನಡುವೆ ಓಡಾಡುತ್ತಿರುತ್ತದೆ. ನನ್ನ ಅನುಭವದಲ್ಲಿ ಆ ಲಾಭವನ್ನೆಲ್ಲ ಸೆಕೆ ತಿಂದುಹಾಕುತ್ತದೆ. ಅಲ್ಲಿ ಕಿಲೋಮೀಟರಿಗೆ 15ರಿಂದ 20 ಸೆಕೆಂಡ್ ನಿಧಾನವಾಗಿ ಓಡುವ ಮನಸ್ಸು ಮಾಡಿಕೊಂಡೇ ಹೊರಡುವುದು ಒಳ್ಳೆಯದು.

ಆದರೆ ಮುಂಬೈಗೆ ಒಂದು ವರ ಇದೆ. ಅದನ್ನು ಯಾರೂ ಅಷ್ಟಾಗಿ ಎಣಿಸುವುದಿಲ್ಲ. ದೇಶದ ಪಶ್ಚಿಮ ಅಂಚಿನ ಊರಾದ್ದರಿಂದ ಜನವರಿಯಲ್ಲಿ ಅಲ್ಲಿ ಸೂರ್ಯ ಹುಟ್ಟುವಾಗ ಏಳೂಕಾಲರ ಸುಮಾರು. ಐದು ಗಂಟೆಗೆ ಹೊರಟವರಿಗೆ ಎರಡು ಗಂಟೆಗೂ ಮಿಕ್ಕಿ ಬಿಸಿಲಿನ ಕಾಟವಿಲ್ಲ. ಹೈದರಾಬಾದಿನ ಓಟ ಆಗಸ್ಟ್ ಕೊನೆಯ ಭಾನುವಾರ. ಆಗ ಅಲ್ಲಿ ಆರು ಗಂಟೆಗೆಲ್ಲ ಬೆಳಕು ಹರಿದಿರುತ್ತದೆ. ಮೋಡವಿದ್ದರೆ ಪುಣ್ಯ, ಮಳೆ ನಿಂತ ಮೇಲೆ ಬಿಸಿಲು ಬಿದ್ದರೆ ಮುಂಬೈಯೇ ಮೇಲು ಅನ್ನಿಸುವಷ್ಟು ಸೆಕೆ.

ಹಾದಿಯ ವಿಷಯಕ್ಕೆ ಬಂದರೆ ಹೈದರಾಬಾದ್ ಮೂರರಲ್ಲಿ ಕಠಿಣ, ಅದರಲ್ಲಿ ಎರಡು ಮಾತಿಲ್ಲ. ಹುಸೇನ್ ಸಾಗರದ ದಂಡೆಯ ನೆಕ್ಲೇಸ್ ರಸ್ತೆಯಲ್ಲಿ, ಪೀಪಲ್ಸ್ ಪ್ಲಾಜಾದಿಂದ ಹೊರಟಾಗ ಎಲ್ಲವೂ ಸಮತಟ್ಟು, ತಂಪು, ಸುಂದರ. ಆಮೇಲೆ ಪಂಜಾಗುಟ್ಟದ ಕಡೆ ತಿರುಗಿದಲ್ಲಿಂದ ಒಂದಾದ ಮೇಲೊಂದು ಮೇಲ್ಸೇತುವೆ. ಕೆಬಿಆರ್ ಉದ್ಯಾನದ ಸುತ್ತಲಿನ ಬಂಜಾರಾ ಹಿಲ್ಸ್, ಜುಬಿಲಿ ಹಿಲ್ಸ್ ಹೆಸರಿನಲ್ಲೇ ಗುಡ್ಡ ಇಟ್ಟುಕೊಂಡಿರುವ ಬಡಾವಣೆಗಳು. ದುರ್ಗಂ ಚೆರುವು ಕೆರೆಯ ಕೇಬಲ್ ಸೇತುವೆ ದಾಟಿ ಗಚ್ಚಿಬೌಲಿ ಕ್ರೀಡಾಂಗಣ ಮುಟ್ಟುವ ಹೊತ್ತಿಗೆ ತೊಡೆಗಳಲ್ಲಿ ಏನೂ ಉಳಿದಿರುವುದಿಲ್ಲ. ಏರು ಕಷ್ಟ ಎಂದು ಎಲ್ಲರಿಗೂ ಗೊತ್ತು. ನಿಜವಾಗಿ ಸ್ನಾಯುಗಳನ್ನು ಜಜ್ಜುವುದು ಇಳಿಜಾರು: ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕು. ಮೇಲ್ಸೇತುವೆ ಇಳಿಯುವಾಗ ಜೋರಾಗಿ ಧುಮುಕಿದವರೆಲ್ಲ 35ನೇ ಕಿಲೋಮೀಟರಿನಲ್ಲಿ ಮೆಟ್ಟಿಲಿಳಿಯುವ ಅಜ್ಜಂದಿರಂತೆ ನಡೆಯುವುದನ್ನು ಕಂಡಿದ್ದೇನೆ. ಹೆಜ್ಜೆ ಚಿಕ್ಕದಾಗಿಟ್ಟು, ತಡೆಯದೆ, ಹಾಯಾಗಿ ಇಳಿಯಲು ಅಭ್ಯಾಸ ಬೇಕು. ಅದನ್ನು ಕಲಿಸುವ ಊರು ಹೈದರಾಬಾದ್. ಅಲ್ಲಿನ ಸ್ವಯಂಸೇವಕರ ಉತ್ಸಾಹವನ್ನೂ ಹೇಳಲೇಬೇಕು. ಓಟಗಾರರೇ ಕಟ್ಟಿ ಬೆಳೆಸಿದ ಓಟ ಅದು ಎಂಬುದು ನೀರಿನ ಮೇಜುಗಳಲ್ಲಿ ಗೊತ್ತಾಗುತ್ತದೆ. ಬೇಡ ಎಂದರೂ ಲೋಟ ಕೈಗಿಟ್ಟು ಪಕ್ಕದಲ್ಲಿ ನಾಲ್ಕು ಹೆಜ್ಜೆ ಓಡಿ ಬರುತ್ತಾರೆ.

ಬೆಂಗಳೂರಿನ ಹಾದಿಯನ್ನು ನಾನು ಪ್ರೀತಿಯಿಂದಲೇ ಹೇಳುತ್ತೇನೆ. ಕಂಠೀರವ ಕ್ರೀಡಾಂಗಣದಲ್ಲಿ ಆರಂಭ, ಅಲ್ಲೇ ಮುಕ್ತಾಯ; ನಡುವೆ ವಿಧಾನಸೌಧ, ಕಬ್ಬನ್ ಉದ್ಯಾನದ ಅಂಚು, ಎಂ.ಜಿ. ರಸ್ತೆ, ಹಲಸೂರು ಕೆರೆಯ ದಂಡೆ. ತಲೆಯ ಮೇಲೆ ಮಳೆಮರಗಳ ಚಪ್ಪರ. ಏರಿಳಿತಗಳಿವೆ, ಆದರೆ ಹೈದರಾಬಾದಿನಷ್ಟು ಕ್ರೂರವಲ್ಲ. ಪ್ರತಿ ಭಾನುವಾರ ಅಭ್ಯಾಸ ಮಾಡುವ ರಸ್ತೆಗಳೇ ಆದ್ದರಿಂದ ಎಲ್ಲಿ ಏರು, ಎಲ್ಲಿ ತಿರುವು ಎಂಬುದು ಕಾಲಿಗೇ ಗೊತ್ತಿರುತ್ತದೆ. ಹಾಫ್ ಓಡುವವರಿಗೆ ಇದು ವರದಾನ. ಫುಲ್ ಓಡುವವರಿಗೆ ಮಾತ್ರ ಪರಿಚಯವೇ ಪರೀಕ್ಷೆಯಾಗುತ್ತದೆ. ದಣಿದ ಮನಸ್ಸಿಗೆ ಹತ್ತಿರದ ಮೆಟ್ರೊ ನಿಲ್ದಾಣ ಎಲ್ಲಿದೆ, ಮನೆಗೆ ಎಷ್ಟು ಹೊತ್ತು ಎಂಬ ಲೆಕ್ಕ ತಾನಾಗಿಯೇ ಬರುತ್ತದೆ. ಬೇರೆ ಊರಿನಲ್ಲಿ ಆ ಲೆಕ್ಕ ಬರುವುದಿಲ್ಲ. ಅಲ್ಲಿ ಮನೆಗೆ ದಾರಿ ಎಂದರೆ ಮುಕ್ತಾಯದ ಗೆರೆ ಒಂದೇ.

ಬೆಂಗಳೂರಿನಲ್ಲಿ ಇನ್ನೊಂದು ಕೊರತೆ ನನ್ನನ್ನು ಕಾಡುತ್ತದೆ. ಈ ಊರಿನಲ್ಲಿ ಓಡುವವರು ಬಹಳ, ನಿಂತು ನೋಡುವವರು ಕಡಿಮೆ. ಕಬ್ಬನ್ ಉದ್ಯಾನದಲ್ಲಿ, ಲಾಲ್‌ಬಾಗಿನಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬೆಳಗ್ಗೆ ಐದಕ್ಕೇ ಗುಂಪು ಗುಂಪಾಗಿ ಓಡುವ ಸಾವಿರಾರು ಜನ ಇರುವ ಊರಿದು. 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟ ಜಗತ್ತಿನ ದೊಡ್ಡ ಓಟಗಾರರನ್ನು ಕರೆತಂದಿದೆ. 2022ರಲ್ಲಿ ಕೀನ್ಯಾದ ನಿಕೊಲಸ್ ಕಿಮೆಲಿ ಇಲ್ಲೇ 27 ನಿಮಿಷ 38 ಸೆಕೆಂಡುಗಳಲ್ಲಿ 10 ಕಿಲೋಮೀಟರ್ ಮುಗಿಸಿದರು. ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ನಿಜವಾದ ಓಟದ ಹಬ್ಬ ಆ 10ಕೆ. ಅಂದು ಕಬ್ಬನ್ ರಸ್ತೆಯಲ್ಲಿ ಸಂಭ್ರಮವೂ ಇರುತ್ತದೆ. ಫುಲ್ ಮ್ಯಾರಥಾನಿನ ದಿನ ಹಾಗಲ್ಲ. ಓಟದ ಕೊನೆಯ ಭಾಗದಲ್ಲಿ ಉದ್ದುದ್ದ ರಸ್ತೆಗಳಲ್ಲಿ ನಾನು, ಮುಂದೆ ನೂರು ಮೀಟರಿನಲ್ಲಿ ಇನ್ನೊಬ್ಬರು, ತಡೆಬೇಲಿಯ ಆಚೆ ಹಾರ್ನ್ ಒತ್ತುವ ವಾಹನಗಳು. ಗಟ್ಟಿ ಮನಸ್ಸಿನವರಿಗೆ, ಗಡಿಯಾರ ನೋಡಿಕೊಂಡು ತನ್ನದೇ ಲಯದಲ್ಲಿ ಓಡುವವರಿಗೆ ಇದು ಏನೂ ಅಲ್ಲ. ಮೊದಲ ಸಲದವರಿಗೆ ಆ ಒಂಟಿತನ ಭಾರ.

ಈಗ ಮುಂಬೈ. 2004ರಲ್ಲಿ ಶುರುವಾದ ಓಟ, ಈಗ ಜನವರಿಯ ಮೂರನೇ ಭಾನುವಾರ ಊರಿನ ಪಂಚಾಂಗದಲ್ಲೇ ಸೇರಿಹೋಗಿದೆ. ಅಂದು ನಸುಕಿನಲ್ಲಿ ವಿಶೇಷ ಲೋಕಲ್ ರೈಲುಗಳು ಓಡುತ್ತವೆ. ಬೋಗಿಯ ತುಂಬ ಎದೆಗೆ ಬಿಬ್ (ಓಟಗಾರರ ಸಂಖ್ಯೆಯ ಚೀಟಿ) ಚುಚ್ಚಿಕೊಂಡವರು, ಬಾಳೆಹಣ್ಣು ತಿನ್ನುವವರು, ಕಾಲಿಗೆ ವ್ಯಾಸಲೀನ್ ಹಚ್ಚಿಕೊಳ್ಳುವವರು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿ ಇಳಿದರೆ ಎದುರಿಗೇ ಆರಂಭದ ಗೆರೆ. ಬೆಂಗಳೂರಿನಲ್ಲೂ ದೊಡ್ಡ ಓಟದ ದಿನ ಮೆಟ್ರೊ ಬೇಗ ಶುರುವಾಗುವುದು ಈಚೆಗೆ ರೂಢಿಯಾಗಿದೆ, ಒಳ್ಳೆಯದೇ. ಹೈದರಾಬಾದಿನಲ್ಲಿ ಒಂದು ಕಡೆ ಹೊರಟು ಇನ್ನೊಂದು ಕಡೆ ಮುಗಿಯುವುದರಿಂದ, ಮರಳುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು.

ಮರೀನ್ ಡ್ರೈವ್ ಕತ್ತಲಲ್ಲಿ ಕಳೆಯುತ್ತದೆ. ಪೆಡ್ಡರ್ ರಸ್ತೆಯ ಏರು ಹೋಗುವಾಗ ಗೊತ್ತೇ ಆಗುವುದಿಲ್ಲ. ಹಾಜಿ ಅಲಿ, ವರ್ಲಿ ದಾಟಿದ ಮೇಲೆ ಬಾಂದ್ರಾ-ವರ್ಲಿ ಸೀ ಲಿಂಕ್. 2009ರಲ್ಲಿ ತೆರೆದ, 5.6 ಕಿಲೋಮೀಟರ್ ಉದ್ದದ ಈ ಸೇತುವೆಯ ಮೇಲೆ ಉಳಿದ ದಿನಗಳಲ್ಲಿ ಪಾದಚಾರಿಗಳಿಗೂ ದ್ವಿಚಕ್ರ ವಾಹನಗಳಿಗೂ ಪ್ರವೇಶವಿಲ್ಲ. ಅಲ್ಲಿ ಕಾಲೂರುವ ಅವಕಾಶ ಓಟಗಾರರಿಗೆ ಸಿಗುತ್ತದೆ. ಪ್ರೇಕ್ಷಕರಿಲ್ಲ, ವಾದ್ಯವಿಲ್ಲ, ಸಾವಿರಾರು ಶೂಗಳ ಸಪ್ಪಳ, ಎರಡೂ ಕಡೆ ಕಪ್ಪು ನೀರು. ಮುಂಬೈಯ ಹಾದಿಯಲ್ಲಿ ಏಕಾಂತದ ಪಾಲು ಇಷ್ಟೇ, ಅದು ಬರುವುದೂ ಕಾಲಿನಲ್ಲಿ ಕಸುವಿರುವಾಗ.

ಸೇತುವೆ ಇಳಿದು ಮಾಹಿಮ್, ಶಿವಾಜಿ ಪಾರ್ಕ್ ಕಡೆ ತಿರುಗಿದೊಡನೆ ಊರು ಎದ್ದು ಕೂತಿರುತ್ತದೆ. ಇದನ್ನು ಬರೆಯುವಾಗಲೂ ನನ್ನ ಗಂಟಲು ಕಟ್ಟುತ್ತದೆ. ಶಾಲೆಯ ಮಕ್ಕಳು ತಟ್ಟೆಯಲ್ಲಿ ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು, ಕಡಲೆ ಚಿಕ್ಕಿ ಹಿಡಿದು ಕೈ ಚಾಚಿರುತ್ತಾರೆ. ನೀವು ಅವರ ತಟ್ಟೆಯಿಂದ ಒಂದು ತುಂಡು ತೆಗೆದುಕೊಂಡರೆ ಆ ಮಗುವಿನ ಮುಖ ಅರಳುವುದನ್ನು ನೋಡಬೇಕು. ಕಟ್ಟಡಗಳ ಮುಂದೆ ಕುರ್ಚಿ ಹಾಕಿಕೊಂಡು ಕುಳಿತ ಹಿರಿಯರು ಬಿಬ್ ಮೇಲಿನ ಹೆಸರು ಓದಿ ಕೂಗುತ್ತಾರೆ. ಯಾವುದೇ ಸಂಸ್ಥೆ ಹೇಳಿ ಮಾಡಿಸಿದ ಕೆಲಸವಲ್ಲ ಇದು. ಮನೆಯವರು ತಮ್ಮ ದುಡ್ಡಿನಿಂದ ಹಣ್ಣು ತಂದು, ಹಿಂದಿನ ರಾತ್ರಿ ಬಿಡಿಸಿಟ್ಟುಕೊಂಡು ಬಂದಿರುತ್ತಾರೆ. ನನ್ನ ಬನಿಯನ್ನಿನ ಮೇಲೆ ಕನ್ನಡ ಅಕ್ಷರ ಕಂಡು ‘ಬನ್ನಿ ಬನ್ನಿ, ಇನ್ನು ಸ್ವಲ್ಪವೇ’ ಎಂದು ಕರಾವಳಿಯ ಕನ್ನಡದಲ್ಲಿ ಕೂಗಿದ ದನಿಗಳಿವೆ. ಮುಂಬೈಯಲ್ಲಿ ತಲೆಮಾರುಗಳಿಂದ ನೆಲೆಸಿದ ಉಡುಪಿ, ದಕ್ಷಿಣ ಕನ್ನಡದವರ ದನಿ ಅದು. ಹಿಂದಿನ ರಾತ್ರಿಯ ಊಟವೂ ಅವರದೇ: ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಅನ್ನ ಸಾರು ಉಂಡು ಮಲಗಿದರೆ ಹೊಟ್ಟೆ ತಕರಾರು ಮಾಡುವುದಿಲ್ಲ.

ಇದೆಲ್ಲ ಕೇವಲ ಭಾವುಕತೆ ಎನ್ನುವವರಿಗೆ ಒಂದು ಮಾತು. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಸಾಮಾನ್ಯ ಓಟಗಾರರಿಗೆ ಸುಮಾರು 30 ಕಿಲೋಮೀಟರಿನವರೆಗೆ ಬರುತ್ತದೆ. ಆಮೇಲೆ ಎದುರಾಗುವುದನ್ನೇ ಓಟಗಾರರು ‘ಗೋಡೆ’ ಎನ್ನುತ್ತಾರೆ. ಆಗ ಮಿದುಳು ನಿಲ್ಲು ಎನ್ನುತ್ತದೆ, ಕಾಲು ಒಪ್ಪಿಬಿಡುತ್ತದೆ. ಮೊದಲೇ ಜೆಲ್ (ಓಡುತ್ತಲೇ ನುಂಗುವ ಸಕ್ಕರೆ ಪಾಕ) ತೆಗೆದುಕೊಂಡು ಅದನ್ನು ಮುಂದೂಡಬಹುದು, ಪೂರ್ತಿ ತಪ್ಪಿಸುವುದು ಕಷ್ಟ. ಮುಂಬೈಯಲ್ಲಿ ಆ ಗೋಡೆಯ ಹಿಂದೆಯೇ ಪೆಡ್ಡರ್ ರಸ್ತೆ ಮತ್ತೆ ಬರುತ್ತದೆ, ಈ ಸಲ 35 ಕಿಲೋಮೀಟರ್ ಕಳೆದ ಮೇಲೆ, ಬಿಸಿಲೇರಿದ ಮೇಲೆ. ಕಾಗದದ ಮೇಲೆ ನೋಡಿದರೆ ಮೂರೂ ಊರುಗಳಲ್ಲಿ ಅತ್ಯಂತ ಕೆಟ್ಟ ಜಾಗದಲ್ಲಿರುವ ಏರು ಇದೇ. ಆದರೆ ಜನ ಅತಿ ದಟ್ಟವಾಗಿ ನಿಲ್ಲುವುದೂ ಅಲ್ಲೇ. ನೋವಿನ ಸ್ಪ್ರೇ ಹಿಡಿದು ಕಾಯುವವರು, ಐಸ್ ತುಂಡು ಕೈಗಿಡುವವರು, ಡೋಲು ಬಾರಿಸುವವರು. ನಡೆಯಲು ಶುರುಮಾಡಿದರೆ ಪಕ್ಕದಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ, ಕಾಲು ಮತ್ತೆ ಓಡುತ್ತದೆ. ಏಳು ಗಂಟೆ ದಾಟಿದ ಮೇಲೆ ಹೊರಟ ಇಥಿಯೋಪಿಯಾ, ಕೀನ್ಯಾದ ಓಟಗಾರರು ನಮ್ಮದೇ ಹಾದಿಯಲ್ಲಿ ಎದುರಾಗುವುದು, ಹಾದುಹೋಗುವುದು ಇನ್ನೊಂದು ಸೊಗಸು. 2023ರಲ್ಲಿ ಇಥಿಯೋಪಿಯಾದ ಹೈಲೆ ಲೆಮಿ 2 ಗಂಟೆ 7 ನಿಮಿಷ 32 ಸೆಕೆಂಡುಗಳಲ್ಲಿ ಗೆದ್ದದ್ದು ಈ ಓಟದಲ್ಲೇ. ಅವರ ಪಾದ ನೆಲ ಮುಟ್ಟುವುದೇ ಕೇಳಿಸುವುದಿಲ್ಲ.

ಮುಂಬೈಯಲ್ಲಿ ಕಿರಿಕಿರಿಗಳೂ ಇವೆ. ಫುಲ್‌ಗೆ ಹೆಸರು ಕೊಡುವಾಗ ಹಿಂದಿನ ಓಟದ ಸಮಯದ ಪ್ರಮಾಣಪತ್ರ ತೋರಿಸಬೇಕು. ಬಿಬ್ ಪಡೆಯಲು ಓಟಕ್ಕೆ ಮುಂಚಿನ ದಿನಗಳಲ್ಲಿ ನಡೆಯುವ ಎಕ್ಸ್‌ಪೋ ಮೇಳಕ್ಕೆ ಹೋಗಬೇಕು. ಶನಿವಾರ ಅಲ್ಲಿ ಗಂಟೆಗಟ್ಟಲೆ ಅಲೆದರೆ ಭಾನುವಾರದ ಕಾಲು ಅಲ್ಲೇ ಖರ್ಚು, ಆದ್ದರಿಂದ ಶುಕ್ರವಾರವೇ ಮುಗಿಸಿ. ಮೊದಲ ಎರಡು ಕಿಲೋಮೀಟರ್ ಜನಜಂಗುಳಿಯಲ್ಲಿ ವೇಗ ಸಿಗದು. ಅಡ್ಡಾದಿಡ್ಡಿ ನುಗ್ಗಿ ಶಕ್ತಿ ಕಳೆದುಕೊಳ್ಳುವುದಕ್ಕಿಂತ ನಿಗದಿತ ವೇಗದಲ್ಲಿ ಓಡಿ ದಾರಿ ತೋರುವ ಪೇಸರ್ ಹಿಂದೆ ಸುಮ್ಮನೆ ಸೇರಿಕೊಳ್ಳುವುದು ಜಾಣತನ. ಪದಕ, ಬನಿಯನ್ ಎಲ್ಲ ಕಡೆ ಒಂದೇ, ಅವುಗಳಿಗಾಗಿ ಊರು ಆರಿಸಬೇಡಿ.

ಎರಡನೆಯ ಅಥವಾ ಮೂರನೆಯ ಫುಲ್ ಆಗಿದ್ದು, ಸಮಯ ಕಡಿಮೆ ಮಾಡುವುದೊಂದೇ ಗುರಿಯಾಗಿದ್ದರೆ ನಾನು ಮುಂಬೈ ಹೇಳುವುದಿಲ್ಲ. ಆಗ ಬೆಂಗಳೂರು ಸರಿ. ಅದಕ್ಕಿಂತಲೂ ಫೆಬ್ರವರಿಯಲ್ಲಿ ನಡೆಯುವ ಸಮತಟ್ಟಾದ ದೆಹಲಿ ಮ್ಯಾರಥಾನ್ ಸರಿ. ಸೆಕೆ ತಡೆಯದ ಮೈಯವರು, ರಕ್ತದೊತ್ತಡದ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಂಬೈಗೆ ಹೆಸರು ಕೊಡಬಾರದು. ಹೆದರಿ ಎಲ್ಲ ಮೇಜುಗಳಲ್ಲೂ ಬರೀ ನೀರು ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ಇಳಿಯುತ್ತದೆ. ಬಾಯಾರಿಕೆಗೆ ತಕ್ಕಷ್ಟು ಕುಡಿದು, ಉಪ್ಪು ಸೇರಿದ ಪಾನೀಯವನ್ನೂ ತೆಗೆದುಕೊಳ್ಳಬೇಕು.

ಕರ್ನಾಟಕದಿಂದ ಮೊದಲ ಸಲ ಹೊರಡುವವರಿಗೆ ಮೂರೂ ಊರುಗಳನ್ನು ಒಂದೇ ವರ್ಷದಲ್ಲಿ ಸೇರಿಸುವ ದಾರಿಯೂ ಇದೆ. ಆಗಸ್ಟ್ ಕೊನೆಯಲ್ಲಿ ಹೈದರಾಬಾದಿನ ಹಾಫ್ ಓಡಿ, ಏರಿಳಿತಕ್ಕೆ ಕಾಲು ಒಗ್ಗಿಸಿಕೊಳ್ಳಿ. ಅಲ್ಲಿಂದ ಮುಂಬೈಗೆ ಸುಮಾರು 20 ವಾರ ಸಿಗುತ್ತದೆ, ಫುಲ್ ತಯಾರಿಗೆ ಬೇಕಾದಷ್ಟೇ. ನಡುವೆ ಬೆಂಗಳೂರಿನ ಹಾಫ್‌ನಲ್ಲಿ ಜನವರಿಯ ವೇಗವನ್ನು ಪರೀಕ್ಷಿಸಿ, ಅದೇ ದಿನ ಜೆಲ್, ಶೂ, ಕಾಲುಚೀಲ ಎಲ್ಲವನ್ನೂ ಒರೆಗೆ ಹಚ್ಚಿ. ಡಿಸೆಂಬರಿನಲ್ಲಿ 30 ಕಿಲೋಮೀಟರ್ ದಾಟುವ ದೀರ್ಘ ಓಟಗಳು, ಕೊನೆಯ ಎರಡು ಮೂರು ವಾರ ಟೇಪರ್, ಅಂದರೆ ಓಟದ ದೂರ ತಗ್ಗಿಸಿ ಕಾಲಿಗೆ ವಿಶ್ರಾಂತಿ. ಮುಂಬೈಯ ನೋಂದಣಿ ತಿಂಗಳುಗಳ ಮೊದಲೇ ತೆರೆಯುತ್ತದೆ, ಹಾಗಾಗಿ ಸಮಯದ ಪ್ರಮಾಣಪತ್ರವನ್ನು ಹಿಂದಿನ ಋತುವಿನಲ್ಲೇ ಸಂಪಾದಿಸಿ ಇಟ್ಟುಕೊಂಡಿರಿ.