ಬಿ.ಎಂ. ರೋಡ್ ಬರ್ಗರ್, ಸಾಲಗಾಮೆ ರೋಡ್ ಬರ್ಗರ್, ಬೇಕರಿ ಬರ್ಗರ್: ಮೂರನ್ನೂ ತಿಂದು ನೋಡಿದ್ದು

ನಮ್ಮ ಹಾಸನದ ಬಿ.ಎಂ. ರೋಡಲ್ಲಿ ಹೊಸದಾಗಿ ಬರ್ಗರ್ ಹೋಟೆಲ್ ಆಗಿದೆ ಅಂತ ಮಗಳು ಒಂದು ತಿಂಗಳಿಂದ ತಲೆ ತಿನ್ನುತ್ತಿದ್ದಳು. ಪಿಯುಸಿ ಓದುವವಳು, ಅವಳ ಕ್ಲಾಸಿನವರೆಲ್ಲ ಹೋಗಿ ಬಂದಿದ್ದಾರಂತೆ. ಒಂದು ಚಿಕನ್ ಬರ್ಗರ್‌ಗೆ 289 ರೂಪಾಯಿ ಅಂದಾಗ, ಸಾಲಗಾಮೆ ರೋಡಲ್ಲಿ 120ಕ್ಕೆ ಸಿಗುತ್ತಲ್ಲ ಅಂದೆ. ಬೇಕರಿಯಲ್ಲಿ 45ಕ್ಕೇ ಸಿಗುತ್ತೆ ಅಂತ ನನ್ನ ಹೆಂಡತಿ ಒಳಗಿಂದಲೇ ಕೂಗಿದಳು. ಜಗಳ ಬಗೆಹರಿಯಲಿಲ್ಲ. ಕೊನೆಗೆ ಮೂರೂ ಕಡೆ ಎರಡೆರಡು ಸಲ ತಿನ್ನೋದು, ಒಂದು ಸಲ ವಾರದ ನಡುವೆ, ಇನ್ನೊಂದು ಸಲ ಭಾನುವಾರ ಸಂಜೆಯ ರಶ್ಶಲ್ಲಿ ಅಂತ ತೀರ್ಮಾನವಾಯಿತು.

ಯಾವ ಅಂಗಡಿಯ ಹೆಸರನ್ನೂ ಬರೆಯೋದಿಲ್ಲ. ಹಾಸನ ಎಷ್ಟೇ ಬೆಳೆದರೂ ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರು. ನನ್ನದು ಗೊಬ್ಬರ, ಔಷಧಿ ಮಾರುವ ಅಂಗಡಿ. ಇವತ್ತು ಬೈದರೆ ನಾಳೆ ಅವರ ದೊಡ್ಡಪ್ಪ ಯೂರಿಯಾಕ್ಕೆ ಬಂದು ನಿಂತಿರುತ್ತಾರೆ.

ಮೊದಲು ಬನ್ ವಿಷಯ. ಆರು ಸಲ ತಿಂದ ಮೇಲೆ ನನಗೆ ಅನ್ನಿಸಿದ್ದು, ಬರ್ಗರ್ ಕೆಡೋದು ಬನ್ನಿಂದಲೇ. ಒಳಗಿನ ಪ್ಯಾಟಿ ಸುಮಾರಾಗಿದ್ದರೂ ಸಾಸು, ಈರುಳ್ಳಿ, ಚೀಸ್ ಸೇರಿಕೊಂಡು ಕಾಪಾಡುತ್ತವೆ. ಬನ್ ಕೈಕೊಟ್ಟರೆ ಕೈಯೆಲ್ಲ ಅಂಟು.

ಬಿ.ಎಂ. ರೋಡಿನವರದು ಬ್ರಿಯೋಶ್ ಬನ್. ಹಿಟ್ಟಿಗೆ ಬೆಣ್ಣೆ, ಮೊಟ್ಟೆ ಧಾರಾಳವಾಗಿ ಬೀಳುವ ಫ್ರೆಂಚರ ಬ್ರೆಡ್ ಅದು. ಮೇಲೆ ಮಿರಮಿರ ಮಿಂಚುತ್ತದೆ, ಎಳ್ಳು ಉದುರಿಸಿರುತ್ತಾರೆ, ಫೋಟೋಗೆ ಚೆನ್ನ. ಬೆಂಗಳೂರಿನಿಂದ ಫ್ರೋಜನ್ ಆಗಿ ಬರುತ್ತಂತೆ, ಬಡಿಸುವ ಹುಡುಗನೇ ಹೇಳಿದ. ಮೊದಲ ಸಲ ಅರ್ಧ ತಿಂದು ಮೇಲಿನ ಮುಚ್ಚಳ ಎತ್ತಿ ನೋಡಿದೆ. ಕೆಳಗಿನ ಬನ್ ಟೀಯಲ್ಲಿ ಅದ್ದಿ ಮರೆತ ರಸ್ಕಿನ ಹಾಗೆ ಕರಗಿತ್ತು. ಕಾರಣ ಕಣ್ಣೆದುರಿಗೇ ಇತ್ತು: ಕೊಯ್ದ ಮೈಯನ್ನು ಕಾಯಿಸಿರಲೇ ಇಲ್ಲ. ಬೆಣ್ಣೆ ಸವರಿ ಕಾವಲಿ ಮೇಲೆ ಕವುಚಿ ಹಾಕಿದರೆ ಅಲ್ಲೊಂದು ಗರಿ ಪದರ ಕಟ್ಟುತ್ತದೆ, ಪ್ಯಾಟಿಯ ರಸ ಅದನ್ನು ದಾಟೋಕೆ ಸ್ವಲ್ಪ ಹೊತ್ತು ಬೇಕು. ಎರಡನೇ ಸಲ ಕಾಯಿಸಿದ್ದರು, ಆದರೆ ಫ್ರೈಸ್ ಆಗಲಿ ಅಂತ ತಟ್ಟೆಯನ್ನು ಅಡುಗೆಮನೆ ಕಿಟಕಿಯಲ್ಲೇ ಐದಾರು ನಿಮಿಷ ಇಟ್ಟುಬಿಟ್ಟರು. ಅಲ್ಲಿಗೆ ಮತ್ತೆ ಅದೇ ಕಥೆ.

ಸಾಲಗಾಮೆ ರೋಡಿನದು ಹೋಟೆಲ್ಲೇ ಅಲ್ಲ, ಒಂದು ಕೌಂಟರ್, ಎದುರಿಗೆ ನಾಲ್ಕು ಪ್ಲಾಸ್ಟಿಕ್ ಸ್ಟೂಲು. ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾದ 1960ರಿಂದ ಆ ರೋಡು ಹುಡುಗರ ಹೊಟ್ಟೆ ನಂಬಿಕೊಂಡೇ ಬದುಕುತ್ತಿದೆ. ಕಡಿಮೆ ದುಡ್ಡಿಗೆ ಹೊಟ್ಟೆ ತುಂಬಿಸದೇ ಇದ್ದರೆ ಅಲ್ಲಿ ಅಂಗಡಿ ನಿಲ್ಲಲ್ಲ. ಬನ್ ಇದೇ ಊರಿನ ಬೇಕರಿಯದು, ಮಧ್ಯಾಹ್ನ ಮೂರಕ್ಕೆ ಕ್ರೇಟಲ್ಲಿ ಬರುತ್ತದೆ. ಹುಡುಗ ಅದನ್ನು ಸೀಳಿ, ಬೆಣ್ಣೆ ಮೆತ್ತಿ, ಕಾವಲಿ ಮೇಲೆ ಕವುಚಿ ಹಾಕಿ, ಮೇಲೊಂದು ಸ್ಟೀಲ್ ಬೋಗುಣಿ ಹೇರುತ್ತಾನೆ. ಪಕ್ಕದಲ್ಲೇ ಚಿಕನ್ ಖೈಮಾದ ಉಂಡೆ. ಅದರ ಮೇಲೆ ಬಟರ್ ಪೇಪರ್ ಇಟ್ಟು, ಗಾರೆಯವರ ಕರಣೆಯಂಥ ಒಂದು ಕಬ್ಬಿಣದಿಂದ ಮೈಮೇಲಿನ ಭಾರವನ್ನೆಲ್ಲ ಹಾಕಿ ಒತ್ತುತ್ತಾನೆ. ಚೊಂಯ್ ಅಂತ ಸದ್ದು, ಹೊಗೆ, ನಮ್ಮ ಕಣ್ಣಲ್ಲಿ ನೀರು. ಉಂಡೆ ದೋಸೆಯಷ್ಟು ತೆಳುವಾಗಿ ಅಂಚೆಲ್ಲ ಕಂದುಬಣ್ಣದ ಜಾಲರಿಯಾಗುತ್ತದೆ. ಆ ಕಂದುಬಣ್ಣದಲ್ಲೇ ರುಚಿ ಇರೋದು. ಬಿಸಿಗೆ ಮಾಂಸದ ಪ್ರೋಟೀನು ಸಕ್ಕರೆಯ ಜೊತೆ ಸೇರಿ ಹೀಗಾಗುವುದನ್ನು 1912ರಲ್ಲಿ ಮೈಲಾರ್ ಅನ್ನುವ ಫ್ರೆಂಚ್ ವಿಜ್ಞಾನಿ ವಿವರಿಸಿದ, ಅವನ ಹೆಸರಲ್ಲೇ ಈಗಲೂ ಕರೆಯುತ್ತಾರೆ. ನಮ್ಮ ಹುಡುಗ ಅದಕ್ಕೆ ‘ಸೀದಂಗಿರ್ಬೇಕು, ಸೀಯ್ಬಾರ್ದು’ ಅಂತಾನೆ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೂ ಬರಲ್ಲ.

ಬಿ.ಎಂ. ರೋಡಿನ ಚಿಕನ್ ಪ್ಯಾಟಿ ಇದಕ್ಕೆ ಪೂರಾ ಉಲ್ಟಾ. ಒಂದೂವರೆ ಇಂಚು ದಪ್ಪ, ನೋಡಿದರೇ ಹೊಟ್ಟೆ ತುಂಬಬೇಕು. ತೊಂದರೆ ಇರೋದು ಆ ದಪ್ಪದಲ್ಲೇ. ಕೋಳಿ ಮಾಂಸವನ್ನು ಅರೆಬೆಂದದ್ದು ಅಂತ ಕೊಡೋಹಾಗಿಲ್ಲ, ನಟ್ಟನಡುವೆಯೂ 74 ಡಿಗ್ರಿ ಮುಟ್ಟಬೇಕು. ನಡುವಿನದು ಬೇಯುವಷ್ಟರಲ್ಲಿ ಹೊರಗಿನದು ಒಣಗಿರುತ್ತದೆ. ಅದರ ಮೇಲೆ ಎದೆಭಾಗದ ಮಾಂಸ ಬೇರೆ, ಕೊಬ್ಬೇ ಇಲ್ಲ. ಬಾಯಿಗೆ ಹಿಡಿಸದಷ್ಟು ಎತ್ತರಕ್ಕೆ ಪೇರಿಸಿ, ಬೀಳದಿರಲಿ ಅಂತ ಕಡ್ಡಿ ಚುಚ್ಚಿ ಕೊಡುತ್ತಾರೆ. ಮಗಳು ನಾಚಿಕೆಪಟ್ಟುಕೊಂಡು ಚಾಕು, ಫೋರ್ಕಿಗೆ ಕೈಹಾಕಿದಳು. ನಾನು ಕಡ್ಡಿ ಕಿತ್ತು ಮುಷ್ಟಿಯಲ್ಲಿ ಒತ್ತಿ ತಿಂದೆ. ಅರ್ಧ ಸಾಸು ಮೊಣಕೈಗೆ ಇಳಿಯಿತು.

ವೆಜ್ ವಿಷಯಕ್ಕೆ ಬಂದರೆ ಬಿ.ಎಂ. ರೋಡಿನವರು ಉಳಿದ ಇಬ್ಬರನ್ನೂ ಮಲಗಿಸಿಬಿಡುತ್ತಾರೆ. ನನ್ನ ಹೆಂಡತಿಗೆ ಅಂತ ಅಣಬೆ ಬರ್ಗರ್ ಹೇಳಿದ್ದೆವು. ಅಣಬೆಯನ್ನು ನೀರು ಆರುವವರೆಗೆ ಹುರಿದು, ಮೆಣಸು ಹಾಕಿ, ಚೀಸ್ ತುಂಬಿ ಕರಿದಿದ್ದರು. ಮಾಡಿದವರಿಗೆ ಕೆಲಸ ಗೊತ್ತು. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದಾಗ ದನದ ಮಾಂಸ ಬಿಟ್ಟು ಬಂದಿತ್ತು. ಆಮೇಲೆ ಅವರ ಆಲೂ ಟಿಕ್ಕಿ ದೇಶವನ್ನೆಲ್ಲ ಹಿಡಿಯಿತು. ಅವತ್ತಿಂದ ವೆಜ್ ಬರ್ಗರ್ ಅಂದರೆ ಆಲೂಗಡ್ಡೆ ಅಂತಲೇ ಆಗಿಹೋಗಿದೆ. ಸಾಲಗಾಮೆ ರೋಡಿನ ಹುಡುಗನೂ ಪ್ಯಾಕೆಟ್ಟಿನ ಆಲೂ ಪ್ಯಾಟಿಯನ್ನು ಎಣ್ಣೆಗೆ ಬಿಟ್ಟು ಕೈ ತೊಳೆದುಕೊಳ್ಳುತ್ತಾನೆ. ಅವನ ಹತ್ತಿರ ವೆಜ್ ತಿನ್ನಬೇಡಿ.

ಆಲೂಗಡ್ಡೆ ಅಂದೆನಲ್ಲ, ಫ್ರೈಸ್ ಬಗ್ಗೆ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನಮ್ಮಪ್ಪ ಆಲೂಗಡ್ಡೆ ಬೆಳೆದೇ ನಮ್ಮನ್ನು ಓದಿಸಿದ್ದು. ಜಲಂಧರಿನಿಂದ ಲಾರಿಯಲ್ಲಿ ಬಿತ್ತನೆ ಗಡ್ಡೆ ಬರೋದು, ಎಪಿಎಂಸಿ ಮುಂದೆ ಮೇ ತಿಂಗಳಲ್ಲಿ ಜಾತ್ರೆ. ಆಮೇಲೆ ಅಂಗಮಾರಿ ರೋಗ ಬಂದು ಬಂದು ಎಷ್ಟೋ ಜನ ಶುಂಠಿಗೆ, ಮುಸುಕಿನ ಜೋಳಕ್ಕೆ ತಿರುಗಿಕೊಂಡರು. ಅಂಥ ಊರಲ್ಲಿ ಕೂತು ‘ಅಣ್ಣ, ಈ ಫ್ರೈಸ್ ನಮ್ಮ ಹಾಸನದ ಗಡ್ಡೆದಾ?’ ಅಂತ ಕೇಳಿದ್ದಕ್ಕೆ ಬಿ.ಎಂ. ರೋಡಿನ ಹುಡುಗ ನಕ್ಕುಬಿಟ್ಟ. ‘ಇಲ್ಲ ಸಾರ್, ಫ್ರೋಜನ್.’ ಬೇಜಾರಾಯಿತು, ಆದರೆ ಅವನ ತಪ್ಪಲ್ಲ. ಫ್ರೈಸ್ ಗರಿಯಾಗಬೇಕಾದರೆ ಗಡ್ಡೆಯಲ್ಲಿ ನೀರು ಕಡಿಮೆ ಇರಬೇಕು, ಸಕ್ಕರೆ ಇನ್ನೂ ಕಡಿಮೆ ಇರಬೇಕು. ಮಳೆಗಾಲದಲ್ಲಿ ಬೆಳೆಯುವ ನಮ್ಮ ಕುಫ್ರಿ ಜ್ಯೋತಿ ನೀರು ಕುಡಿದು ಬೆಳೆದ ಗಡ್ಡೆ. ಪಲ್ಯಕ್ಕೆ, ಬೋಂಡಕ್ಕೆ ಅದರಂಥದ್ದು ಇನ್ನೊಂದಿಲ್ಲ, ಉದ್ದುದ್ದ ಕೊಯ್ದು ಕರಿದರೆ ಮಾತ್ರ ಮೆತ್ತಗೆ ಬಾಗುತ್ತದೆ. ಕೋಲ್ಡ್ ಸ್ಟೋರೇಜಲ್ಲಿ ಇಟ್ಟದ್ದಾದರೆ ಪಿಷ್ಟ ಸಕ್ಕರೆಯಾಗಿ ತಿರುಗಿ, ಬೇಯುವ ಮೊದಲೇ ಕಪ್ಪಾಗುತ್ತದೆ. ಅದಕ್ಕೇ ಮೆಕ್‌ಕೇನಿನಂಥ ಕಂಪನಿಗಳು ಗುಜರಾತಿನಲ್ಲಿ ಬೇರೆ ತಳಿ ಬೆಳೆಸಿ, ಮೆಹ್ಸಾಣಾದ ಕಾರ್ಖಾನೆಯಲ್ಲೇ ಕೊಯ್ದು ಅರ್ಧ ಕರಿದು ಕಳಿಸುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ಸಾಲಗಾಮೆ ರೋಡಿನವನು ಊರ ಗಡ್ಡೆಯನ್ನೇ ಸಿಪ್ಪೆ ಸಮೇತ ದಪ್ಪ ಹೋಳು ಮಾಡಿ, ಒಮ್ಮೆ ಬೇಯಿಸಿ, ಆರಿಸಿ, ಮತ್ತೆ ಕರಿದು ಕೊಡುತ್ತಾನೆ. ಗರಿ ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ತಿಂದು ಮುಗಿಸಿದರೆ ಬಿ.ಎಂ. ರೋಡಿನ 149 ರೂಪಾಯಿಯ ಬುಟ್ಟಿ ಅದರ ಮುಂದೆ ಏನೂ ಅಲ್ಲ. ಮಗಳು ಒಪ್ಪಲ್ಲ. ನಾನು ಪಕ್ಷಪಾತಿಯಂತೆ. ಹೌದು.

ಇನ್ನು ಬೇಕರಿ. ಅಯ್ಯಂಗಾರ್ ಬೇಕರಿ ಅನ್ನೋದು ನಮ್ಮ ಜಿಲ್ಲೆಯ ಸೊತ್ತು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಮೊದಲ ಅಯ್ಯಂಗಾರ್ ಬೇಕರಿ ಶುರು ಮಾಡಿದ ತಿರುಮಲಾಚಾರ್ ಇಲ್ಲಿಯವರೇ. ಹಾಗಿರುವಾಗ ಬನ್ನಿನಲ್ಲಿ ಇವರು ಸೋಲಬಾರದು, ಸೋತೂ ಇಲ್ಲ. ಸೋಲೋದು ಗಾಜಿನ ಪೆಟ್ಟಿಗೆಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಜೋಡಿಸಿಟ್ಟ ಬರ್ಗರು ಸಂಜೆ ಆರಕ್ಕೂ ಅಲ್ಲೇ ಕೂತಿರುತ್ತದೆ: ತಣ್ಣಗಿನ ಬೀಟ್‌ರೂಟ್ ಕಟ್ಲೆಟ್, ಸಿಹಿ ಮಯೋನೀಸು, ನೀರು ಬಿಟ್ಟ ಕೋಸು. ಮೊದಲ ಸಲ ಹಾಗೇ ತಿಂದು ಅರ್ಧ ಬಿಟ್ಟೆ.

ಎರಡನೇ ಸಲ ಬುದ್ಧಿ ಬಂತು. ನಾಲ್ಕು ಗಂಟೆಗೆ ಓವನ್ನಿಂದ ಬನ್ ಇಳಿಯುವಾಗ ಹೋಗಿ, ‘ಸ್ವಾಮಿ, ಬರ್ಗರಿಗೆ ಹೊಸ ಬನ್ ಹಾಕಿ, ಮಸಾಲಾ ಟೋಸ್ಟ್ ಮಾಡ್ತೀರಲ್ಲ, ಆ ಕಾವಲಿ ಮೇಲೆ ಬೆಣ್ಣೆ ಹಾಕಿ ಕಟ್ಲೆಟ್ಟೂ ಬನ್ನೂ ಎರಡೂ ಬಿಸಿ ಮಾಡ್ಕೊಡಿ’ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಹತ್ತು ರೂಪಾಯಿ ಜಾಸ್ತಿ ಆಗುತ್ತೆ ಅಂದರು. ಮಯೋನೀಸ್ ಬೇಡ, ಟೋಸ್ಟಿನ ಕ್ಯಾರೆಟ್ ಈರುಳ್ಳಿ ಪಲ್ಯವನ್ನೇ ಒಂದು ಚಮಚ ಹಾಕಿ ಅಂದೆ. 55 ರೂಪಾಯಿಗೆ ಬಂದದ್ದನ್ನು ಬರ್ಗರ್ ಅಂತ ಹ್ಯಾಂಬರ್ಗಿನವರು ಒಪ್ಪಲಿಕ್ಕಿಲ್ಲ. ನಿಂತಲ್ಲೇ ಇನ್ನೊಂದು ಹೇಳಿದೆ.

ಕೂರುವ ಜಾಗ, ಎಸಿ, ಕೈತೊಳೆಯುವ ಬೇಸಿನ್ ಲೆಕ್ಕ ಹಾಕಿದರೆ ಬಿ.ಎಂ. ರೋಡೇ. ಅದರಲ್ಲಿ ಎರಡು ಮಾತಿಲ್ಲ. ಮೂರು ಜನಕ್ಕೆ ಬಿಲ್ಲು ಸಾವಿರ ದಾಟುತ್ತದೆ, ಮೇಲೆ ಶೇ. 5 ಜಿಎಸ್‌ಟಿ. ಮೊದಲ ಸಲ ಅದರ ಜೊತೆ ಶೇ. 7.5 ಸರ್ವಿಸ್ ಚಾರ್ಜ್ ಕೂಡ ಬಿದ್ದಿತ್ತು. ನಾನು ಪರ್ಸ್ ತೆಗೆದೇಬಿಟ್ಟಿದ್ದೆ. ‘ಅಪ್ಪಾಜಿ, ನಿಂತ್ಕೋ’ ಅಂತ ಮಗಳು ಬಿಲ್ಲು ಕಿತ್ತುಕೊಂಡು ಕೌಂಟರಿಗೆ ಹೋದಳು. ಕೇಳದೇ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿರೋದು ಅವಳಿಗೆ ಗೊತ್ತಿತ್ತು. ಮ್ಯಾನೇಜರ್ ತಕರಾರು ಮಾಡದೆ ತೆಗೆದರು. ಬರ್ಗರಿಗಿಂತ ಅದೇ ನನಗೆ ರುಚಿಯಾಯಿತು.

ಬಿ.ಎಂ. ರೋಡಿಗೆ ಮೂರನೇ ಸಲವೂ ಹೋದೆವು, ಲೆಕ್ಕಕ್ಕಿಲ್ಲದ ಸಲ. ಅಲ್ಲಿನ ಮಟನ್ ಬರ್ಗರ್ ಉಳಿದುಬಿಟ್ಟಿತ್ತು, 389 ರೂಪಾಯಿಯದು, ಉಳಿದಿಬ್ಬರ ಹತ್ತಿರ ಸಿಗಲ್ಲ. ಊರಿಂದ ಅಮ್ಮ ಬಂದಿದ್ದರು, ಕರೆದುಕೊಂಡು ಹೋದೆ. ಮಟನ್ನಿನಲ್ಲಿ ಕೊಬ್ಬು ಇರೋದರಿಂದ ಆ ದಪ್ಪ ಇಲ್ಲಿ ಸರಿಹೋಗಿತ್ತು, ಕಚ್ಚಿದರೆ ರಸ. ಅಮ್ಮ ಕಡ್ಡಿ ಕಿತ್ತು ಪಕ್ಕಕ್ಕಿಟ್ಟರು. ಬನ್ನಿನ ಎರಡೂ ಹೋಳನ್ನು ಟಿಶ್ಯೂ ಪೇಪರಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು, ನಾಯಿಗಂತೆ. ಆಮೇಲೆ ಪ್ಯಾಟಿಯನ್ನು ಬೆರಳಲ್ಲಿ ಮುರಿದು ಬಾಯಿಗೆ ಹಾಕಿಕೊಂಡು, ‘ಖೈಮಾ ಉಂಡೆ ಚೆನ್ನಾಗ್ ಮಾಡವ್ರೆ’ ಅಂದರು. ಹುಡುಗ ನೀರಿನ ಜಗ್ಗು ಹಿಡಿದು ಬಂದ. ಅಮ್ಮ ಅವನ ಮುಖ ನೋಡಿ ಕೇಳಿದರು:

‘ಸಾರು ತರ್ಲಿಲ್ವೇನ್ ಮಗಾ?’